ಆಕಿ ಉಳದ್ಳೋ ಇಲ್ಲೋ

ಗೆಳೆಯ ಹುಲಿಗೆಪ್ಪ ಸತ್ತ ಮನೆಯಲ್ಲಿ ಬಿಸಿನೀರಿನ ಹಂಡೆ ಇಳಿಸುತ್ತಿದ್ದ ತಿಮ್ಮಣ್ಣ ಒಮ್ಮೆಲೇ ನಕ್ಕುಬಿಟ್ಟ. ಗಂಡನ ಹೆಣಕ್ಕೆ ನೀರು ಹಾಕಲು ಸೆರಗು ಸಿಕ್ಕಿಸಿ ನಿಂತಿದ್ದ ದುರಗಮ್ಮ ತಲೆ ಎತ್ತಿದಳು.

“ತಪ್ಪು ತಿಳೀಬ್ಯಾಡ ಯಕ್ಕಾ,” ತಿಮ್ಮಣ್ಣ ಕಣ್ಣೊರೆಸಿಕೊಂಡ. “ಇಪ್ಪತ್ತಾಳು ಆಳದ ಬಾವಿಗೆ ಅಂಜದ ಮನಷಾ. ಒಂದು ಅರಿವಿ ಪರದೇಕ ಮೋಸ ಹೋದನಲ್ಲ, ಅದು ನೆಪ್ಪಾತು.”

ಅಂಗಳದಲ್ಲಿ ಕುಳಿತಿದ್ದ ಗಂಡಸರೂ ಮೆಲ್ಲಗೆ ನಕ್ಕರು. ಯಲಬುರ್ಗಿಯಿಂದ ಗಂಗಾವತಿಯವರೆಗೆ ಬಾವಿಯ ಹೂಳು ತೆಗೆಯಲು, ಬಾವಿಗೆ ಬಿದ್ದವರನ್ನು ಎತ್ತಲು ಹುಲಿಗೆಪ್ಪನನ್ನೇ ಕರೆಯುತ್ತಿದ್ದರು. ಆದರೆ ಊರಲ್ಲಿ ಅವನ ಹೆಸರು ಚಂದ್ರನ ಹುಲಿಗೆಪ್ಪ. ಕೊಪ್ಪಳದ ಟೆಂಟಿನಲ್ಲಿ ಚಿತ್ರ ನೋಡುತ್ತ, ಚಂದ್ರನ ಮೇಲಿಂದ ಬೀಳುತ್ತಿದ್ದ ಹೆಂಗಸನ್ನು ಉಳಿಸಲು ಓಡಿ ಪರದೆ ಹರಿದವನು. ಹನ್ನೆರಡು ವರ್ಷದಿಂದ ಊರು ಅದನ್ನೇ ಹೇಳಿ ನಗುತ್ತಿತ್ತು.

“ಮೊನ್ನೆ ಜ್ವರದಾಗೂ ಕೇಳಿದ,” ತಿಮ್ಮಣ್ಣ ಹೇಳಿದ. “‘ತಿಮ್ಮಾ, ಖರೇ ಹೇಳು, ಆಕಿ ಉಳದ್ಳೋ ಇಲ್ಲೋ?’ ಯಾವತ್ತಿನಂಗ ಏನೋ ಒಂದು ಸುಳ್ಳು ಹೇಳಿದೆ.”

“ಯಾಕ, ನೀನೂ ಅವತ್ತು ಟೆಂಟಿನ್ಯಾಗ ಇದ್ದೆಲ್ಲೋ?” ಯಾರೋ ಕೇಳಿದರು.

“ಇದ್ದೆ. ಅವನ್ನ ಹೊರಗ ದಬ್ಬಿದಾಗ ನಾನೂ ಹಿಂದಿಂದ ಎದ್ದು ಹೋದೆ. ನಮ್ಮವನ್ನ ಹಂಗ ಬಿಟ್ಟು ಆಟ ನೋಡಕೋತ ಕುಂದ್ರಾಕ ಆಗತೈತೇನು?”

ದುರಗಮ್ಮನ ಕೈಯಲ್ಲಿದ್ದ ತಂಬಿಗೆ ಜಾರಿ ಕಲ್ಲಿಗೆ ಬಡಿಯಿತು.

* * *

ಹನ್ನೆರಡು ವರ್ಷದ ಹಿಂದೆ, ಕೊಪ್ಪಳದ ಒಂದು ಬಾವಿಯ ಹೂಳು ತೆಗೆದು ಮುಗಿಸಿದ ಸಂಜೆ ಹುಲಿಗೆಪ್ಪ ಹೆಂಡತಿಯನ್ನೂ ಟೆಂಟಿಗೆ ಕರೆದುಕೊಂಡು ಹೋಗಿದ್ದ. ಹಗ್ಗದ ಈಚೆ ಹೆಂಗಸರು, ಆಚೆ ಗಂಡಸರು. ಮಾತಿಲ್ಲದ ಪರದೇಶದ ಚಿತ್ರ. ಮೂಲೆಯಲ್ಲೊಬ್ಬ ಪೇಟಿ ಬಾರಿಸುತ್ತಿದ್ದ.

ಕಬ್ಬಿಣದ ದೊಡ್ಡ ಗುಂಡೊಂದು ಬೆಂಕಿ ಉಗುಳುತ್ತ ಆಕಾಶಕ್ಕೇರಿತು. ತಲೆಗೆ ಗಾಜಿನ ಗಡಿಗೆ ಬೋರಲು ಹಾಕಿಕೊಂಡ ಮಂದಿ ಚಂದ್ರನ ಮೇಲೆ ತೇಲುತ್ತ ನಡೆದರು. ಅಲ್ಲಿ ಉಪ್ಪಿನಂಥ ಬಿಳಿ ಗುಡ್ಡಗಳು, ಹಗಲಲ್ಲೂ ಕಪ್ಪಾಗಿದ್ದ ಆಕಾಶ. ದುರಗಮ್ಮ ರೆಪ್ಪೆ ಬಡಿಯುವುದನ್ನು ಮರೆತಿದ್ದಳು.

ಆಗ ಚಂದ್ರನ ನೆಲ ಬಿರಿಯಿತು. ಒಬ್ಬಳು ಹೆಂಗಸು ಕಣಿವೆಯ ಅಂಚಿಗೆ ಜೋತುಬಿದ್ದು, ನೋಡುವವರ ಕಡೆಗೇ ಕೈ ಚಾಚಿದಳು.

“ಹಿಡಕೋ ತಂಗೀ, ಗಟ್ಟಿ ಹಿಡಕೋ!”

ಹುಲಿಗೆಪ್ಪ ಜನರನ್ನು ತುಳಿದುಕೊಂಡು ಓಡಿ ಪರದೆಯೊಳಗೇ ನುಗ್ಗಿದ. ಬಟ್ಟೆ ಪರ್ರನೆ ಹರಿಯಿತು. ದೀಪ ಹತ್ತಿದಾಗ ಅವನು ಹರಿದ ಬಟ್ಟೆಯಲ್ಲಿ ಸಿಕ್ಕಿಕೊಂಡು, ಇನ್ನೂ ಕೈ ಚಾಚಿಕೊಂಡೇ ಬಿದ್ದಿದ್ದ. ಟೆಂಟಿಗೆ ಟೆಂಟೇ ಹೊಟ್ಟೆ ಹಿಡಿದುಕೊಂಡು ನಕ್ಕಿತು.

“ಈ ಹುಚ್ಚನ ಕಡಿಯವರು ಯಾರದೀರಿ? ಕರಕೊಂಡು ನಡೀರಿ!” ಟೆಂಟಿನ ಮಾಲೀಕ ಕೂಗಿದ.

ಹುಲಿಗೆಪ್ಪ ಒಂದು ಸಲ ಹೆಂಗಸರ ಕಡೆ ನೋಡಿದ. ದುರಗಮ್ಮ ಸೆರಗನ್ನು ಮೂಗಿನತನಕ ಎಳೆದುಕೊಂಡಳು. ಅವನು ತಲೆ ತಗ್ಗಿಸಿದ.

“ಯಾರೂ ಇಲ್ರೀ. ನಾ ಒಬ್ಬನ ಬಂದೀನಿ.”

“ಎಂಥಾ ಹುಚ್ಚನವ್ವಾ, ಇವನ್ನ ಕಟ್ಟಿಕೊಂಡಾಕಿ ಹಣೇಬರಹ!” ಪಕ್ಕದವಳು ಅಂದಳು. ದುರಗಮ್ಮನೂ ನಕ್ಕಳು.

ಪರದೆಗೆ ಹೊಲಿಗೆ ಹಾಕಿದರು. ಆಟ ಮತ್ತೆ ಶುರುವಾಯಿತು. ಮಂದಿ ಮರೆಯಲಿ, ಆಮೇಲೆ ಎದ್ದು ಹೋದರಾಯಿತು ಎಂದು ಕುಳಿತವಳ ಎದುರಿಗೆ, ಚಂದ್ರನ ಗುಡ್ಡದ ಹಿಂದಿನಿಂದ ನಮ್ಮ ಭೂಮಿ ಮೇಲೆದ್ದು ಬಂತು, ದುಂಡಗೆ, ಬೆಳ್ಳಗೆ. ಹೊರಗೆ ಗಂಡನೊಬ್ಬನಿದ್ದಾನೆಂಬುದೇ ಅವಳಿಗೆ ನೆನಪಾಗಲಿಲ್ಲ. ಕೊನೆಯವರೆಗೂ ನೋಡಿದಳು.

ಆಟ ಬಿಟ್ಟ ಮೇಲೆ ಬೇವಿನ ಮರದ ಕೆಳಗೆ ಹುಲಿಗೆಪ್ಪ ಒಬ್ಬನೇ ಸಿಕ್ಕ. ಅವನ ಹಿಂದೆಯೇ ಹೊರಗೆ ಬಂದಿದ್ದ ತಿಮ್ಮಣ್ಣ ಆಗಲೇ ಊರಿನ ಬಂಡಿ ಹಿಡಿದು ಹೋಗಿದ್ದ.

“ನಾ ಆಗಳೇ ಹೊರಗ ಬಂದೆ. ಗುಡಿ ಕಟ್ಟಿಮ್ಯಾಲೆ ಕುಂತಿದ್ದೆ,” ಅವಳು ಅಂದಳು.

“ಛಲೋ ಮಾಡಿದಿ. ನನ್ನ ಸಲುವಾಗಿ ನಿನ್ನ ಆಟ ಕೆಟ್ಟಿತು ನೋಡು,” ಎಂದ ಹುಲಿಗೆಪ್ಪ. ತುಸು ದೂರ ನಡೆದು, “ನೀನರ ನೋಡಿದ್ರ ಆಕಿ ಏನಾದ್ಲು ಅಂತ ಗೊತ್ತಾಗತಿತ್ತು,” ಅಂದ.

ಅವಳು ಸೆರಗು ಮುಂದೆಳೆದುಕೊಂಡು ಬಿರುಸಾಗಿ ನಡೆದಳು.

* * *

ಹೆಣ ಎತ್ತುವ ಹೊತ್ತಿಗೆ ಅಳವಂಡಿಯಿಂದ ಸರ್ದಾರಬೀ ಬಂಡಿಯಲ್ಲಿ ಬಂದಳು. ಆರು ವರ್ಷದ ಹಿಂದೆ ನೀರು ಸೇದಲು ಹೋಗಿ ಬಾವಿಗೆ ಬಿದ್ದವಳು. ಹುಲಿಗೆಪ್ಪನೇ ಇಳಿದು ಎತ್ತಿದ್ದ.

“ಅರ್ಧಕ್ಕ ಬಂದಾಗ ನನಗ ಎಚ್ಚರ ತಪ್ಪಾಕ ಹತ್ತಿತ್ತವ್ವಾ,” ದುರಗಮ್ಮನ ಕೈ ಹಿಡಿದು ಅತ್ತಳು. “ಅಣ್ಣ ಮಾತಾಡಕೋತನ ಇದ್ದ. ‘ಚಂದ್ರನ ಮ್ಯಾಲೆ ಒಬ್ಬಾಕಿ ಹಿಂಗ ಜೋತುಬಿದ್ದಿದ್ಲು. ಆಕಿ ಏನಾದ್ಲೋ, ಜೀವಕ್ಕ ಸಮಾಧಾನಿಲ್ಲ. ನಿನ್ನಂತೂ ಬಿಡಾಂಗಿಲ್ಲ’ ಅಂದ.”

ದುರಗಮ್ಮ ಮೆಲ್ಲಗೆ ಕೈ ಬಿಡಿಸಿಕೊಂಡಳು. ಸಮಾಧಾನ ಮಾಡಿಸಿಕೊಳ್ಳುವ ಯೋಗ್ಯತೆ ತನಗಿಲ್ಲವೆನ್ನಿಸಿತು.

ಹೂಳಲು ತೋಡಿದ ಕುಣಿಯ ಪಕ್ಕದಲ್ಲಿ ಹೆಣ ಇಳಿಸಿದರು. ಎಲ್ಲರೂ ಅಗೆದ ಹಸಿಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನಿಂತರು.

“ತಡೀರಿ,” ಎಂದಳು ದುರಗಮ್ಮ. ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. “ಅವತ್ತು ನಾನೂ ಟೆಂಟಿನ್ಯಾಗ ಇದ್ದೆ.”

ತಿಮ್ಮಣ್ಣ ಅವಳ ಮುಖ ನೋಡಿದ.

“ಇವನ್ನ ಹೊರಗ ದಬ್ಬಿದ್ರು. ಮಂದಿ ಕೂಡ ನಾನೂ ನಕ್ಕೆ. ನಕ್ಕು, ಆಖೀರತನಕ ಕುಂತು ನೋಡಿದೆ. ಹನ್ನೆರಡು ವರ್ಷ ಈ ಮನಷಾ ಊರಿಗೆಲ್ಲ ಕೇಳಿದ. ಆಗಳೇ ಹೊರಗ ಬಂದೆ ಅಂತ ಸುಳ್ಳು ಹೇಳಿದ್ದೆ, ಖರೇ ಹೇಳಾಕ ನನಗ ಮಾರಿ ಇರಲಿಲ್ಲ.”

ಯಾರೂ ನಗಲಿಲ್ಲ. ತಿಮ್ಮಣ್ಣ ಬೇರೆ ಕಡೆ ಮುಖ ತಿರುಗಿಸಿದ.

ಅವಳು ಮೊಣಕಾಲೂರಿ ಗಂಡನ ಕಿವಿಗೆ ಬಾಯಿ ಹಚ್ಚಿದಳು.

“ಆಕಿ ಉಳದ್ಳು. ಕೇಳಿದೇನು? ಒಬ್ಬಾವ ಬಂದು ಕೈ ಕೊಟ್ಟ. ಮ್ಯಾಲ ಎಳಕೊಂಡ. ಆಮ್ಯಾಲ ಏನಾತಂದ್ರ...”

ಮುಂದಿನದು ಯಾರಿಗೂ ಕೇಳಿಸಲಿಲ್ಲ. ಹಲಗೆ ಬಾರಿಸುವವನು ಹಲಗೆ ಇಳಿಸಿ ನೆಲಕ್ಕೆ ಕುಳಿತ. ಅವಳ ತುಟಿ ಆಡುತ್ತಲೇ ಇತ್ತು. ಸುತ್ತ ನಿಂತವರ ಮುಷ್ಟಿಯೊಳಗಿನ ಮಣ್ಣು ಬಿಸಿಲಿಗೆ ಒಣಗಿ, ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರುತ್ತಿತ್ತು.