ಮುಚ್ಚೋ ಮಾತ್ರೆ

ಮಳೆ ಹಿಂದೆ ಸರಿದು ಬೆಳಗಿನ ಹೊತ್ತು ಇಳಿಜಾರಿನ ಹುಲ್ಲಿನ ಮೇಲೆ ಇಬ್ಬನಿ ಕೂರತೊಡಗಿದ ಮೇಲೆ ಕೆಸುವಿನ ಗೆಡ್ಡೆ ಕೀಳುವ ಕೆಲಸ ಶುರುವಾಗುತ್ತದೆ. ಹೊಳೆಯ ಪಕ್ಕದ ಜೌಗು ನೆಲದಲ್ಲಿ ಇಬ್ಬರು ಹೆಂಗಸರು ಬೆನ್ನು ಬಗ್ಗಿಸಿದ್ದರು. ಮೇಲಿನ ಸಾಲು ಹಿರಿಯ ಹೆಂಡತಿ ಮಾಬಿಯೇಲಾಳದು, ಕೆಳಗಿನದು ಕಿರಿಯಳಾದ ಮಾಜುಂಗುವಿನದು. ಇಬ್ಬರ ಗಂಡ ಒಬ್ಬನೇ, ಭೇಕಾನಿ. ದೂರದ ಪ್ಲಾಟಿನಂ ಗಣಿಯಲ್ಲಿ ದುಡಿಯುವವನು ಈಸ್ಟರಿಗೆ ಊರಿಗೆ ಬರುವವನಿದ್ದ.

ಕೆಳಗಿನ ಸಾಲಿನ ಗೆಡ್ಡೆಗಳು ದಪ್ಪಗಿದ್ದವು. ನೀರು ಅತ್ತಲೇ ಇಳಿಯುವುದರಿಂದ ಹಾಗಾಗುತ್ತದೆಂದು ಮಾಬಿಯೇಲಾಗೆ ಗೊತ್ತಿತ್ತು. ಸಾಲು ಹಂಚಿದವಳೂ ಅವಳೇ. ಆದರೂ ಮಾಜುಂಗು ಒಂದೊಂದು ಗೆಡ್ಡೆ ಎತ್ತಿ ಬುಟ್ಟಿಗೆ ಹಾಕಿದಾಗಲೂ ಆ ಸದ್ದು ಅವಳ ಎದೆಗೆ ಬಂದು ಬಡಿಯುತ್ತಿತ್ತು.

"ನಿನ್ನೆ ಆಸ್ಪತ್ರೆ ವ್ಯಾನಿನ ಹಿಂದಿನ ಮೆಟ್ಟಿಲು ಹತ್ತಿದ್ಯಂತೆ."

"ಹೂಂ ಅಕ್ಕಾ."

"ಮುಂದಿನ ಬಾಗಿಲಲ್ಲಿ ಬಿಪಿ ನೋಡ್ತಾರೆ, ಸಕ್ಕರೆ ನೋಡ್ತಾರೆ. ಹಿಂದೆ ಏನು ಕೊಡ್ತಾರೆ?"

ಮಾಜುಂಗು ಗೆಡ್ಡೆಯ ಮಣ್ಣು ಕೆರೆಯುತ್ತ, ತಲೆ ಎತ್ತದೆ, "ಮುಚ್ಚೋ ಮಾತ್ರೆ" ಎಂದಳು.

"ಏನನ್ನ ಮುಚ್ಚೋದು?"

"ನನ್ನನ್ನ. ಅವರು ಬರೋ ಮುಂಚೆ ಮುಚ್ಕೋಬೇಕಲ್ಲ. ಮುಂದಿನ ಸಲ ನೀವೂ ಬನ್ನಿ."

"ನಂಗ್ಯಾಕೆ ತಾಯಿ? ನನ್ನ ಬಾಗಿಲಿಗೆ ಬರೋರೇ ಇಲ್ಲ."

ಕ್ರಿಸ್‌ಮಸ್ಸಿಗೆ ಬಂದಾಗ ಭೇಕಾನಿ ಮಾಬಿಯೇಲಾಳ ಮೇಲಿನ ಮನೆಯಲ್ಲಿ ಲೆಕ್ಕಕ್ಕೆ ಮಲಗಿ, ಉಳಿದ ದಿನವೆಲ್ಲ ಮಾಜುಂಗುವಿನ ಕೆಳಗಿನ ಮನೆಯಲ್ಲೇ ಕಳೆದಿದ್ದ. ಗಂಡಸಿಗೆ ಒಂದೇ ಬಾಗಿಲು ಕಾಣುವ ಹಾಗೆ ಮಿಕ್ಕ ಬಾಗಿಲುಗಳನ್ನು ಮುಚ್ಚಿಬಿಡುವ ಬೇರುಗಳಿವೆ ಎಂದು ಮಾಬಿಯೇಲಾ ಚಿಕ್ಕಂದಿನಿಂದ ಕೇಳಿದ್ದಳು. ಈಗ ಅದಕ್ಕೆ ಮಾತ್ರೆಯೂ ಬಂದಿದೆಯೆಂದಾಯಿತು. ಅದೂ ಸರ್ಕಾರದ ವ್ಯಾನಿನಲ್ಲಿ, ಪುಕ್ಕಟೆಯಾಗಿ.

ಭಾನುವಾರ ಮಾಜುಂಗು ಬಿಳಿ ನಿಲುವಂಗಿ ತೊಟ್ಟು ಪ್ರಾರ್ಥನೆಗೆ ಹೋದಳು. ಮಾಬಿಯೇಲಾ ಮಂಡಿನೋವೆಂದು ಮನೆಯಲ್ಲೇ ಉಳಿದಳು. ಕೆಳಗಿನ ಮನೆಗೆ ಹೋಗಿ ಹುಡುಕಿದಾಗ ಕಿರಿಯಳ ಕಂಬಳಿಗಳ ಮಡಿಕೆಯಲ್ಲಿ ಮಾತ್ರೆಯ ಬಾಟಲಿ ಸಿಕ್ಕಿತು. ಅಲ್ಲಾಡಿಸಿದರೆ ಸದ್ದಿಲ್ಲ. ಮುಚ್ಚಳ ತಿರುಗಿಸಿ ನೋಡಿದರೆ ಬಾಯಿತನಕ ಹತ್ತಿ ತುರುಕಿತ್ತು. ಒಳ್ಳೆಯ ಔಷಧಿಗೆ ಯಾರಾದರೂ ಬಾಯಿ ಕಟ್ಟುತ್ತಾರೆಯೇ? ಅವಳು ಅದನ್ನು ಶಾಲಿನಲ್ಲಿ ಸುತ್ತಿಕೊಂಡು ಹೋಗಿ ಪಾಯಿಖಾನೆಯ ಗುಂಡಿಗೆ ಹಾಕಿದಳು. ಬಹಳ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ಉಂಡಳು.

ಮುಂದಿನ ದಿನಗಳಲ್ಲಿ ಮಾಜುಂಗು ಚಾಪೆ ಕೊಡವಿದಳು, ಜೋಳದ ಕಣಜಕ್ಕೆ ಕೈಹಾಕಿದಳು, ಕೋಳಿಗೂಡಿನ ಹಿಂದೆ ಬಗ್ಗಿ ನೋಡಿದಳು.

"ಏನೇ ಹುಡುಕ್ತಿದ್ದೀಯ?"

"ಸೂಜಿ, ಅಕ್ಕಾ."

"ಕೋಳಿಗಳು ಹೊಲಿಗೆ ಕಲಿತಿದ್ದಾವಾ?"

ಮಾಜುಂಗು ನಗಲಿಲ್ಲ. ಹೊಳೆಯಾಚೆಯ ದೊಡ್ಡ ಆಸ್ಪತ್ರೆಗೂ ಹೋಗಲಿಲ್ಲ. ಅಲ್ಲಿ ಯಾವ ಬೆಂಚಿನ ಮೇಲೆ ಯಾರು ಕೂತರೆಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ವ್ಯಾನು ಬರುವುದನ್ನೇ ಕಾದಳು.

ಈಸ್ಟರಿನ ವಾರ ಬುಧವಾರ ವ್ಯಾನು ಬಂತು. ಮೈಯ ಉಣ್ಣೆಹುಳ ಸಾಯಲೆಂದು ದನಗಳನ್ನು ಔಷಧದ ನೀರಿನಲ್ಲಿ ಮುಳುಗಿಸುವ ತೊಟ್ಟಿಯಿದೆಯಲ್ಲ, ಅದರ ಪಕ್ಕದ ಮರದಡಿ ಅದು ನಿಲ್ಲುತ್ತಿತ್ತು. ಮಾಬಿಯೇಲಾ ಬಿಪಿಯ ನೆಪ ಹೇಳಿ ಹೋದಳು. ಸವತಿಯ ಮುಖ ನೋಡುವುದಿತ್ತು. ಮಾಜುಂಗು ಆಗಲೇ ಹಿಂದಿನ ಮೆಟ್ಟಿಲೇರಿ ಒಳಗೆ ಹೋಗಿಯಾಗಿತ್ತು. ನರ್ಸ್ ಸಿಸ್ಟರ್ ಫಿಲಿಸಿವೆ ಸಾಲಿನಲ್ಲಿದ್ದ ಹೆಂಗಸರ ಮುಂದೆ ಬಾಟಲಿಯೊಂದನ್ನು ಎತ್ತಿ ಹಿಡಿದಿದ್ದಳು.

"ಇದು ಕಾಯಿಲೆ ಬಂದೋರ ಮಾತ್ರೆ ಅಲ್ಲಮ್ಮಾ. ಎಚ್‌ಐವಿ ಬರದೇ ಇರ್ಲಿ ಅಂತ ತಗೊಳ್ಳೋದು. ದಿನಕ್ಕೊಂದು. ನಡುವೆ ಬಿಟ್ರೆ ಮತ್ತೆ ಮೊದಲಿಂದ ಶುರು, ಒಂದು ವಾರ ನುಂಗಿದ ಮೇಲೇನೇ ಇದಕ್ಕೆ ಶಕ್ತಿ. ಅಲ್ಲಿ ತನಕ ಕಾಂಡೋಮ್ ಬೇಕೇ ಬೇಕು. ಇದು ನಿಮ್ಮನ್ನ ನೀವೇ ವಿಕೇಲಾ ಮಾಡ್ಕೊಳ್ಳೋ ಮಾತ್ರೆ."

"ಗಂಡಂದಿರು ಮನೆಗೆ ಬಂದಾಗ ಬೂಟು ಹೊರಗೆ ಬಿಡಿಸ್ತೀವಿ. ಅದು ಯಾರ್ಯಾರ ಅಂಗಳ ತುಳಿದು ಬಂತು ಅಂತ ಕೇಳ್ತೀವಾ?" ಎಂದಳು ನೆರೆಮನೆಯ ಮಾಖೋಜಾ. ಸಾಲೆಲ್ಲ ನಕ್ಕಿತು.

ಮಾಬಿಯೇಲಾ ಮಾತ್ರ ಕಿವಿಗೆ ಬಿಸಿನೀರು ಬಿದ್ದವಳಂತೆ ತಲೆ ತಗ್ಗಿಸಿದ್ದಳು. ವಿಕೇಲಾ ಅಂದರೆ ಕಾಪಾಡು. ತೀರಿಕೊಂಡ ಮಾವನ ಹೆಸರು ಮ್ವಿಕೇಲಿ, ಕಾಪಾಡುವವನು. ಮಾವನ ಹೆಸರನ್ನಷ್ಟೇ ಅಲ್ಲ, ಆ ಹೆಸರಿನ ಸದ್ದಿರುವ ಯಾವ ಮಾತನ್ನೂ ಸೊಸೆಯಾದವಳು ಬಾಯಿಗೆ ತರುವಂತಿಲ್ಲ. ಬೇರೆ ಮಾತು ಇಟ್ಟುಕೊಂಡು ಆಡಬೇಕು. ಅವಳು ಮದುವೆಯಾಗಿ ಬಂದಾಗ ಅತ್ತೆ ಒಲೆಯ ಮುಂದೆ ಕೂರಿಸಿಕೊಂಡು ಕಲಿಸಿದ್ದಳು: ಆ ಮಾತಿಗೆ ಈ ಮನೆಯಲ್ಲಿ 'ನೆರಳು ಹಿಡಿ' ಅನ್ನಬೇಕು.

ಮಾಜುಂಗು ಮದುವೆಯಾಗಿ ಬರುವ ಹೊತ್ತಿಗೆ ಅತ್ತೆ ಬದುಕಿರಲಿಲ್ಲ. ಕಲಿಸುವ ಕೆಲಸ ಹಿರಿಯ ಸೊಸೆಯದು. ಹಿರಿಯ ಸೊಸೆ ಕಲಿಸಿರಲಿಲ್ಲ. ತಪ್ಪು ಮಾತಾಡಿ ನಾಲ್ಕು ಜನರೆದುರು ನಗೆಪಾಟಲಾಗಲಿ ಎಂದುಕೊಂಡಿದ್ದಳು. ಹುಡುಗಿ ತಪ್ಪು ಮಾತಾಡಲಿಲ್ಲ. ತಾಯಿಯ ಮನೆಯಿಂದಲೋ ಎಲ್ಲಿಂದಲೋ ಕಾಪಾಡುವುದಕ್ಕೆ ಬದಲಾಗಿ ಒಂದು ಮಾತು ತಂದಿಟ್ಟುಕೊಂಡಳು. ಮುಚ್ಚೋದು.

ಮಾಬಿಯೇಲಾ ಸಾಲು ಬಿಟ್ಟು ಬಂದು ತೊಟ್ಟಿಯ ಕಟ್ಟೆಯ ಹತ್ತಿರ ನಿಂತಳು. ಮಾಜುಂಗು ಹೊಸ ಬಾಟಲಿಯನ್ನು ಶಾಲಿನೊಳಗೆ ಇಟ್ಟುಕೊಂಡು ಇಳಿದು ಬಂದಳು.

"ನಿನ್ನ ಸೂಜಿ ನಾನೇ ತಗೊಂಡಿದ್ದು ಕಣೇ. ಗುಂಡಿಗೆ ಹಾಕಿದೆ."

ಮಾಜುಂಗು ಅರ್ಥವಾಗದೆ ನೋಡಿದಳು. ಆಮೇಲೆ ಅರ್ಥವಾಯಿತು.

"ಯಾಕೆ?"

"ಮುಚ್ಚೋದು ಅಂದ್ಯಲ್ಲ. ಅವನಿಗೆ ನನ್ನ ಬಾಗಿಲು ಮುಚ್ಚೋ ಮದ್ದು ಅಂದ್ಕೊಂಡೆ."

"ಮತ್ತೇನನ್ನಬೇಕಿತ್ತು? ಮಾವನ ಹೆಸರು ಹಿಡಿದು ಕೂಗಬೇಕಿತ್ತಾ? ಈ ಮನೆ ಮಾತು ಒಂದಾದ್ರೂ ಹೇಳ್ಕೊಟ್ಟಿದ್ಯಾ ನೀನು?"

ಅಕ್ಕಾ ಎಂಬುದೂ ಹೋಗಿತ್ತು, ನೀವು ಎಂಬುದೂ ಹೋಗಿತ್ತು. ಮಾಬಿಯೇಲಾ ಅದನ್ನು ಗಮನಿಸಿದಳು.

"ಗಣಿ ಹತ್ರ ತಗಡಿನ ಮನೇಲಿ ಅವನಿಗೆ ಒಬ್ಬಳಿದ್ದಾಳೆ," ಎಂದಳು ಮಾಜುಂಗು. "ನಮ್ಮಣ್ಣ ಅಲ್ಲೇ ಇರೋದು, ಕಣ್ಣಾರೆ ನೋಡಿದಾನೆ. ಅವಳ ಹತ್ರ ಇನ್ಯಾರು ಬರ್ತಾರೋ, ಯಾರಿಗೆ ಗೊತ್ತು? ಅದಕ್ಕೇ ನಾನು ನುಂಗ್ತಿದ್ದದ್ದು."

ಮಾಬಿಯೇಲಾ ಕಟ್ಟೆಯ ಮೇಲೆ ಕೈಯೂರಿದಳು. ಕೇಳಬೇಕಾದ್ದು ಎಷ್ಟೋ ಇತ್ತು. ಬಾಯಿಗೆ ಬಂದದ್ದು ಒಂದೇ.

"ನೋಡೋಕೆ ಹೇಗಿದಾಳಂತೆ?"

ಮಾಜುಂಗು ಅವಳನ್ನೇ ದಿಟ್ಟಿಸಿದಳು. "ನಿನಗೆ ಇದು ಯಾವತ್ತೂ ಹೋಗಲ್ಲ ಅಲ್ವಾ?" ಎಂದಳು. "ಕೇಳಿಲ್ಲಿ. ಶುಕ್ರವಾರ ಬರ್ತಾನೆ. ಈ ಹೊಸ ಮಾತ್ರೆಗೆ ಒಂದು ವಾರ ಬೇಕು. ಹೋದ ಸಲ ಕಾಂಡೋಮ್ ಅಂದಿದ್ದಕ್ಕೆ, ಯಾವನ ಜೊತೆ ಇದ್ದೆ ಅಂತ ಕೇಳಿ ಬಾಗಿಲು ಒದ್ದ. ನೀನು ನಂಗೆ ಒಂದು ವಾರದ ಸಾಲ ತೀರಿಸ್ಬೇಕು. ಅವನು ನಿನಗೇ ಬೇಕು ತಾನೆ? ಇಟ್ಕೋ."

ಅವಳು ಹಿಂದಿರುಗಿ ನೋಡದೆ ಬೆಟ್ಟ ಹತ್ತಿದಳು. ಮಾಬಿಯೇಲಾ ಬಹಳ ಹೊತ್ತು ಅಲ್ಲೇ ಇದ್ದು, ಸಾಲು ಕರಗಿದ ಮೇಲೆ, ಹಿಂದಿನ ಮೆಟ್ಟಿಲು ಹತ್ತಿದಳು. ಬೆರಳು ಚುಚ್ಚಿಸಿಕೊಂಡು, ಸಿಸ್ಟರ್ ಕೈಯಲ್ಲಿದ್ದ ಪಟ್ಟಿಯಲ್ಲಿ ಕಾಯಿಲೆ ಇಲ್ಲವೆನ್ನುವ ಒಂದೇ ಗೆರೆ ಮೂಡುವ ತನಕ ಉಸಿರು ಬಿಗಿಹಿಡಿದು ಕೂತಳು. ಇಳಿಯುವಾಗ ಅವಳ ಶಾಲಿನೊಳಗೂ ಒಂದು ಬಾಟಲಿಯಿತ್ತು, ಜೊತೆಗೆ ಕಾಂಡೋಮಿನ ಪೊಟ್ಟಣಗಳು. ಅವಳಿಗೂ ವಾರ ಬೇಕಿತ್ತು.

ಶುಕ್ರವಾರ ಹೊತ್ತು ಇಳಿಯುವಾಗ ಭೇಕಾನಿ ಚೀಲಗಳನ್ನು ಹೊತ್ತು ಬಂದ. ಮೇಲಿನ ಮನೆಯ ಮುಂದೆ ಕೂತು ಮಕ್ಕಳಿಗೆ ಬ್ರೆಡ್ಡು ಹಂಚಿದ. ಮಾತಾಡುತ್ತಿದ್ದರೂ ಅವನ ಕಣ್ಣು ಕೆಳಗಿನ ಮನೆಯ ಬಾಗಿಲ ಮೇಲೇ ಇತ್ತು.

"ಅವಳೆಲ್ಲಿ?"

"ಮೈಯಲ್ಲಿ ಹುಷಾರಿಲ್ಲ. ಮಲಗಿದ್ದಾಳೆ."

"ಏನಾಗಿದೆ?"

"ಹೆಂಗಸರದ್ದು. ಏಳು, ಊಟ ಮಾಡು."

ಬೇಯಿಸಿದ ಕೆಸುವಿನ ಗೆಡ್ಡೆ, ಕೋಳಿ ಬಡಿಸಿದಳು. ಅವನು ಎರಡು ತುತ್ತು ತಿಂದು ತಟ್ಟೆ ಸರಿಸಿ ಎದ್ದ. ತನಗೆ ಹುಷಾರಿಲ್ಲದಾಗ ಅವನು ಹೀಗೆ ಊಟ ಬಿಟ್ಟು ಎದ್ದದ್ದು ಮಾಬಿಯೇಲಾಗೆ ನೆನಪಿಗೆ ಬರಲಿಲ್ಲ. ಚಾಪೆಯ ಕೆಳಗಿನ ಪೊಟ್ಟಣಗಳ ಮಾತು ಇನ್ನೂ ತೆಗೆಯಬೇಕಿತ್ತು, ಅದಕ್ಕೆ ಅವನು ಏನನ್ನುವನೋ. ಅದಕ್ಕೂ ಮುಂಚೆ ಅವನು ಅಂಗಳ ದಾಟಬಾರದು. ಅವಳು ಓಡಿ ಹೋಗಿ ಅಡ್ಡ ನಿಂತಳು.

"ಹೋಗಬೇಡ."

"ಒಂದು ಸಲ ನೋಡ್ಕೊಂಡು ಬರ್ತೀನಿ ಕಣೇ."

"ಬೇಡ. ಈ ಸಲ ಅಲ್ಲಿಗೆ ಹೋಗಬೇಡ. ನನ್ನ ಹತ್ರಾನೇ ಇರು."

ಭೇಕಾನಿ ಅವಳ ಮುಖ ನೋಡಿದ. ನಿಧಾನಕ್ಕೆ ಅವನ ಮೀಸೆಯಡಿ ನಗು ಬಂತು. "ಇನ್ನೂ ಹೊಟ್ಟೆಕಿಚ್ಚು ಹೋಗಿಲ್ವಾ ನಿಂಗೆ, ಈ ವಯಸ್ಸಲ್ಲಿ?"

"ಹೋಗಿಲ್ಲ" ಎಂದಳು ಮಾಬಿಯೇಲಾ. ಅದು ಸುಳ್ಳಾಗಿದ್ದರೆ ಅವನು ನಂಬುತ್ತಿರಲಿಲ್ಲ.

ಅವನು ಖುಷಿಯಿಂದ ಹಿಂದಿರುಗಿ, ಕಾಲು ಚಾಚಿ ಕೂತು, ತಟ್ಟೆ ಎಳೆದುಕೊಂಡ. ಕೆಳಗಿನ ಮನೆಯಲ್ಲಿ ಒಳಗಿನಿಂದ ಚಿಲಕ ಹಾಕಿದ ಸದ್ದು ಕೇಳಿಸಿತು. ಒಂದು ವಾರದ ಸಾಲದಲ್ಲಿ ಅದು ಮೊದಲ ದಿನ.