ಟಪಾಲು ಗಾಡಿಯ ಈಚೆ ಅರ್ಧ

"ಏಳೇ ಮುಂಡೆ. ನಿನ್ನ ಅಂಡಿಗಿಂತ ಈ ಕೋಳಿಮರಿಗೇ ಜಾಸ್ತಿ ಬೆಲೆ ಐತೆ."

ಕಂಡಕ್ಟರ್ ಪ್ರೂಯಿಟ್ ಬೂಟಿನ ತುದಿಯಿಂದ ಓಝೆಲಳ ಮೊಣಕಾಲು ತಿವಿದ. ಅಮೆರಿಕದ ಮಿಸಿಸಿಪಿಯ ಆ ಟಪಾಲು ರೈಲುಗಾಡಿಯಲ್ಲಿ ಜನ ಕೂರುವ ಡಬ್ಬಿ ಒಂದೇ. ಅದಕ್ಕೂ ಹಲಗೆ ಅಡ್ಡ ಹೊಡೆದಿದ್ದರು. ಆಚೆ ಬಿಳಿಯರು, ಈಚೆ ಕರಿಯರು. ಪಾರ್ಸೆಲ್ ಡಬ್ಬಿಯಲ್ಲಿ ಹಿಡಿಸದ್ದೆಲ್ಲ ಈಚೆಗೇ ಬಂದು ಬೀಳುತ್ತಿತ್ತು. ಅವತ್ತು ಕೋಳಿಮರಿಯ ಪೆಟ್ಟಿಗೆಗಳು.

"ಟಿಕೀಟು ಐತೆ ಬುದ್ದೀ," ಅಂದಳು.

"ಇದ್ರೆ ಮಡಿಕ್ಕೊ. ಮುಂದಿನ ಟೇಸನ್ನಾಗೆ ಇಳ್ದು ನಾಳೆ ಗಾಡಿಗೆ ಬಾ."

ನಾಳೆ ಅನ್ನುವುದು ಅವಳಿಗಿರಲಿಲ್ಲ. ಸಾಲಕ್ಕೆ ಜೀತಕ್ಕಿದ್ದ ಕ್ರೌಡರ್ ದಣಿಯ ಹತ್ತಿ ಹೊಲ ಬಿಟ್ಟು, ಅತ್ತೆ ಹೆಸ್ಟರಳನ್ನು ಕರೆದುಕೊಂಡು, ಹೇಳದೆ ಕೇಳದೆ ಹೊರಟಿದ್ದಳು. ಗಂಡ ಮೊದಲೇ ಶಿಕಾಗೋ ಸೇರಿದ್ದ. ಹಾಗೆ ಓಡಿಹೋಗಿ ಸಿಕ್ಕಿಬಿದ್ದ ಅದೇ ಹೊಲದ ಆಳು ರೂಫಸನನ್ನು ದಣಿಯ ಮೇಸ್ತ್ರಿ ಟಾಲಿವರ್ ಕೈಕಾಲು ಕಟ್ಟಿ ತಂದು, ಬಾರುಕೋಲಿನಲ್ಲಿ ಚರ್ಮ ಸುಲಿದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು.

ಮುಂದಿನ ಸ್ಟೇಷನ್ನಿನಲ್ಲಿ ಗಾಡಿ ನಿಂತಿತು. ಕಿಟಕಿಯಾಚೆ ಟಾಲಿವರ್ ನಿಂತಿದ್ದ.

ಪ್ರೂಯಿಟ್ ಓಝೆಲಳ ತಲೆವಸ್ತ್ರ ಸಮೇತ ಕೂದಲು ಹಿಡಿದೆಳೆದ. ಅವಳು ಸೀಟಿನ ಕಬ್ಬಿಣಕ್ಕೆ ಎರಡೂ ತೋಳು ಸುತ್ತಿದಳು. ಬೆರಳ ಮೇಲೆ ಬೂಟು ಬಿತ್ತು. ಬಿಡಲಿಲ್ಲ. ಸುತ್ತಲಿನವರು ನೆಲ ನೋಡುತ್ತ ಕೂತಿದ್ದರು.

"ಟಪಾಲು ತಡ ಆಯ್ತದೆ, ಹೊರಡ್ಸಯ್ಯ," ಅಂತ ಮುಂದಿನ ಟಪಾಲು ಡಬ್ಬಿಯಿಂದ ಯಾರೋ ಕೂಗಿದರು. ಪ್ರೂಯಿಟ್ ಅವಳ ಮೇಲೆ ಉಗಿದು ಆಚೆ ಹೋದ. ಗಾಡಿ ಕದಲಿತು.

ಕದಲಿದ ಗಾಡಿಗೆ ಟಾಲಿವರ್ ಓಡಿ ಬಂದು ಹತ್ತಿದ. ಹಲಗೆಯಾಚೆಯಿಂದ ಅವನ ದನಿ ಕೇಳಿತು. "ದಣೀರ ಆಳು ಎರಡು ತಪ್ಪಿಸ್ಕೊಂಡವೆ. ಒಂದು ಹರೇದ್ದು, ಒಂದು ಮುದಿ."

"ಕರಿಯರ ಕಡೇಲಿ ಅವೆ, ಎಳ್ಕೊಂಡು ಹೋಗು," ಅಂದ ಪ್ರೂಯಿಟ್.

ಪಕ್ಕದಲ್ಲಿ ಕೂತಿದ್ದ ಹೆಸ್ಟರ್ ಊದಿದ ಕಾಲೂರಿ ಎದ್ದಳು. "ನಾನೋಗಿ ಸಿಕ್ಕಾಕ್ಕೋತೀನಿ ಕನವ್ವ. ನೀನು ಹಿಂದ್ಲ ಬಾಗಿಲಾಗೆ ನೆಗ್ದು ಓಡು."

"ಓಡಕಾಗಕಿಲ್ಲ ಅತ್ತೆ. ನನ್ ಕಾಲಾಗೆ ಜೀವಾನೇ ಇಲ್ಲ."

ಓಝೆಲ ಅತ್ತೆಯನ್ನು ಕೂರಿಸಿದಳು. ತಾನು ಎದ್ದು, ಸೀಟುಗಳ ನಡುವಿನ ಇಕ್ಕಟ್ಟಿನಲ್ಲಿ ಅಡ್ಡಹಲಗೆಯ ಬಾಗಿಲಿಗೆ ಎದುರಾಗಿ ನಿಂತಳು.

ಹಿಂದೆ ಸೀಟೊಂದು ಕಿರ್ರೆಂದಿತು. ಮರ ಕಡಿಯುವ ಕೂಲಿಯೊಬ್ಬ ಎದ್ದು ಬಂದು ಅವಳ ಪಕ್ಕ ನಿಂತ. ಅವಳ ಮುಖ ನೋಡಲಿಲ್ಲ. ಅವನ ಹಲ್ಲು ಕಟಕಟ ಅನ್ನುವುದು ಮಾತ್ರ ಅವಳಿಗೆ ಕೇಳಿಸುತ್ತಿತ್ತು.

ಬಾಗಿಲ ಹಿಡಿ ತಿರುಗಿತು.