ಹೋಳಿಯಿಂದ ಮಳೆಯವರೆಗೆ

ಗಂಗಾವತಿಯಿಂದ ಉತ್ತರಕ್ಕೆ ಮೂರು ಹರದಾರಿ ನಡೆದರೆ ಗುಡ್ಡಗಳ ನಡುವೆ ಒಂದು ಕೆರೆ. ಸುತ್ತಲೂ ಕಮರ, ಮುತ್ತಲ ಮರಗಳ ಅಡವಿ. ದಂಡೆಯ ಮೇಲೆ ಹದಿನಾಲ್ಕು ಮನೆ, ಎಲ್ಲವೂ ಮೀನು ಹಿಡಿಯುವವರವು. ಬೇಸಿಗೆಯಲ್ಲಿ ನೀರು ಇಳಿದು ಬಂಡೆಗಳ ಬುಡದಲ್ಲಿ ಒಂದು ಮಡು ಮಾತ್ರ ಉಳಿಯುತ್ತಿತ್ತು. ಕೆರೆಯ ದೊಡ್ಡ ಮೀನುಗಳೆಲ್ಲ ಅಲ್ಲಿಗೆ ಸೇರುತ್ತಿದ್ದವು. ಮೊದಲ ಮಳೆಗೆ ಹೊಸ ನೀರು ಬಂದಾಗ ಅವು ಮೊಟ್ಟೆ ಇಡಬೇಕು. ಆ ಮರಿಗಳೇ ಮುಂದಿನ ವರ್ಷದ ಮೀನು. ಅದಕ್ಕಾಗಿ ಹೋಳಿ ಹುಣ್ಣಿಮೆಯ ಮರುದಿನ ಎಲ್ಲ ಮನೆಯ ಬಲೆಗಳೂ ಓಬಳೆಪ್ಪನ ಪಡಸಾಲೆಯ ತೊಲೆಗೆ ಏರುತ್ತಿದ್ದವು. ಮಳೆ ಬೀಳುವವರೆಗೆ ಅವನ್ನು ಕಾಯುವುದು ಅವನ ಕೆಲಸ. ಕದ್ದು ಮಡುವಿಗೆ ಹಾಕಿದ ಬಲೆಯನ್ನು ಎಲ್ಲರೆದುರು ಅವನೇ ಕೊಯ್ಯಬೇಕು. ಬಲೆ ಯಾರದೋ ಆ ಮನೆಯವರು ಮೂರು ವರ್ಷ ಕೆರೆಗೆ ಇಳಿಯುವಂತಿಲ್ಲ.

೧೯೩೮ರ ಬೇಸಿಗೆಯಲ್ಲಿ ಓಬಳೆಪ್ಪನ ತಂಗಿ ಹೊಳಿಯಮ್ಮ ಪತ್ರಾವಳಿ ಹಚ್ಚುವ ಮುತ್ತಲದೆಲೆಯ ಹೊರೆ ಹೊತ್ತು ಗಂಗಾವತಿ ಸಂತೆಗೆ ಹೋಗಿದ್ದಳು. ಗಂಡ ಸತ್ತು ಎರಡು ವರ್ಷವಾಗಿತ್ತು. ಅವನ ಬಲೆಯಿಂದ ಈಗ ಅವಳೇ ಮೀನು ಹಿಡಿಯುತ್ತಿದ್ದಳು. ಮೀನು ಮಾರುವ ಹಜರತಬೀಯ ಬುಟ್ಟಿಯ ಮುಂದೆ ಅವಳು ನಿಂತುಬಿಟ್ಟಳು. ಸಂತೆಗೆ ಬರುವ ಹೊಳೆಯ ಮೀನಿನ ಬೆನ್ನು ತಿಳಿ ಬೂದು ಬಣ್ಣದ್ದು. ಬುಟ್ಟಿಯಲ್ಲಿದ್ದ ಮೂರು ಬಾಳೆಮೀನಿನ ಬೆನ್ನು ಕಪ್ಪು. ಎಲೆ ಕೊಳೆತು ಕಷಾಯದಂತಾದ ಅವರ ಮಡುವಿನ ನೀರಿನಲ್ಲಿ ಮಾತ್ರ ಆ ಬಣ್ಣ ಬರುತ್ತಿತ್ತು. ಒಂದರ ಹೊಟ್ಟೆ ಒತ್ತಿ ನೋಡಿದಳು. ಮೊಟ್ಟೆ ತುಂಬಿ ಗಟ್ಟಿಯಾಗಿತ್ತು.

"ಒತ್ತಿ ಒತ್ತಿ ಇಲ್ಲೇ ಹಡಸ್ತೀ ಏನವ್ವಾ?" ಹಜರತಬೀ ನಕ್ಕಳು.

"ಇವು ಎಲ್ಲಿಂದ ಬಂದ್ವು, ಬೀ?"

"ಜಂಗಲ್ ಚೌಕಿದಾರ ಕೊಟ್ಟು ಹೋದ. ನಿಮ್ಮ ಊರಾವ್ರೇ ಅವನ ಮನಿಗೆ ಮುಟ್ಟಸ್ತಾರಂತ. ನಿನಗ ಗೊತ್ತಿಲ್ಲೇನು?"

ಹೊತ್ತು ಮುಳುಗುವ ಮೊದಲೇ ಹೊಳಿಯಮ್ಮ ಅಣ್ಣನ ಪಡಸಾಲೆಯಲ್ಲಿದ್ದಳು. ಒರಳಿನ ಮೇಲೆ ನಿಂತು ಬಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಹದಿಮೂರು ಒಣಗಿ ಧೂಳು ಹಿಡಿದಿದ್ದವು. ಅವಳ ಬಲೆಯ ಮಡಿಕೆಗಳೊಳಗೆ ಮಾತ್ರ ಇನ್ನೂ ತೇವವಿತ್ತು.

ಓಬಳೆಪ್ಪ ಒಳಗೆ ಬಂದ. ಅವಳ ಕೈಯಲ್ಲಿದ್ದ ಬಲೆ ನೋಡಿದ ಮೇಲೆ ಸುಳ್ಳು ಹೇಳಲಿಲ್ಲ.

"ಚೌಕಿದಾರ ನನ್ನ ಎರಡೂ ಎತ್ತು ಹಿಡದು ಕೊಂಡವಾಡದ ದೊಡ್ಡ್ಯಾಗ ಕೂಡಿದ್ದ, ಅಡವ್ಯಾಗ ಮೇದ್ವು ಅಂತ. ವಾರಕ್ಕೊಮ್ಮಿ ಮೀನ ಕೊಟ್ರ ಬಿಡತೀನಿ ಅಂದ. ಏನ ಮಾಡ್ಲಿ?"

"ಹೇಳಿದ್ರ ಹದಿನಾಕೂ ಮನಿ ಕೂಡಿ ಹೋಗಿ ಕೇಳತಿದ್ವಿ. ಹೋಗ್ಲಿ, ನನ್ನ ಬಲಿ ಯಾಕ ಬೇಕಾತು?"

"ನಂದು ಹಳೇದವ್ವಾ. ಹರಿತಿತ್ತು."

ಅವನ ಬಲೆ ಹೋದ ದೀಪಾವಳಿಗೆ ಹೆಣೆದದ್ದು. ನೂಲು ಹೊಸೆದು ಕೊಟ್ಟವಳು ಹೊಳಿಯಮ್ಮನೇ.

"ನಾಳಿಗೆ ಎಲ್ಲಾರ ಮುಂದ ನೀನ ಹೇಳು," ಎಂದಳು. "ತಾಯಿ ಮೀನ ಇನ್ನೂ ಒಂದಿಷ್ಟು ಉಳದಾವು. ಕೂಡಿ ಕಾಯೋಣು."

ಓಬಳೆಪ್ಪ ಆಗಲಿ ಎಂದು ತಲೆಯಾಡಿಸಿದ.

ಮರುದಿನ ಬೆಳಿಗ್ಗೆ ಊರವರು ಕಟ್ಟೆಗೆ ಬಂದರು. ಹೊಳಿಯಮ್ಮ ಸಂತೆಯಲ್ಲಿ ಕಂಡದ್ದನ್ನು ಹೇಳಿ ಬಲೆಯನ್ನು ನಡುವೆ ಇಟ್ಟಳು.

"ಬಲಿ ಯಾರದು?" ಎಂದು ಹಿರಿಯ ಕಾಳಪ್ಪ ಕೇಳಿದ.

"ನಂದರಿ. ಹಾಕಿದಾವ್ರು ಯಾರಂತ ನಮ್ಮಣ್ಣ ಹೇಳ್ತಾನ."

ಎಲ್ಲರೂ ಓಬಳೆಪ್ಪನ ಕಡೆ ತಿರುಗಿದರು. ಅವನು ಕೆಮ್ಮಿದ. "ನನಗೇನ ಗೊತ್ತರಿ? ಹಗಲೆಲ್ಲಾ ನಮ್ಮ ಬಾಗಲಾ ತೆರದೇ ಇರತೈತಿ. ತಂಗಿ ಬರ್ತಾಳ, ಹೋಗ್ತಾಳ."

"ಅಣ್ಣಾ! ನಿನ್ನೆ ನನ್ನ ಮುಂದ ಒಪ್ಪಿಕೊಂಡಿ!"

"ಕಾಯೋವನ ಮ್ಯಾಲೇ ಹಾಕ್ತಾಳ ನೋಡು," ಎಂದಳು ಪಕ್ಕದ ಮನೆಯ ಮುದುಕಮ್ಮ. "ವಾರಾ ಸಂತಿಗೆ ಎಲಿ ಒಯ್ತಾಳಂತ! ಆ ಹೊರಿಯಾಗ ಎಲಿ ಎಷ್ಟೋ, ಮೀನ ಎಷ್ಟೋ!"

ಕೆಲವರು ನಕ್ಕರು. ಕಾಳಪ್ಪ ಕುಡುಗೋಲನ್ನು ಓಬಳೆಪ್ಪನ ಕೈಗೆ ಕೊಟ್ಟ. ಕುಡುಗೋಲು ಬಲೆಯನ್ನು ಮುಟ್ಟುವವರೆಗೂ ಅಣ್ಣ ಬಾಯಿ ಬಿಡುತ್ತಾನೆ ಎಂದೇ ಹೊಳಿಯಮ್ಮ ಕಾದಳು. ಅವನು ನಡುವಿನಿಂದ ಶುರುಮಾಡಿ ಅಂಚಿನವರೆಗೆ ಅಚ್ಚುಕಟ್ಟಾಗಿ ಕೊಯ್ದ.

ಮಧ್ಯಾಹ್ನ ಅವಳು ಕಂಬಳಿ ಹೊತ್ತು ತಂದು ಮಡುವಿನ ಬಂಡೆಯ ಮೇಲೆ ಕುಳಿತಿದ್ದಾಗ ಅವನು ರೊಟ್ಟಿಯ ಗಂಟು ಹಿಡಿದು ಬಂದ.

"ಸಿಟ್ಟ ಬಿಡು ತಂಗಿ. ಮೂರೂ ವರ್ಷ ನನ್ನ ಪಾಲಿನಾಗ ಅರ್ಧಾ ನಿನಗ."

"ತಾಯಿ ಮೀನೆಲ್ಲಾ ಕೊಟ್ಟಮ್ಯಾಲೆ ಪಾಲು ಎಲ್ಲಿಂದ ತರ್ತೀ? ಚೌಕಿದಾರ ಮತ್ತ ಯಾವಾಗ ಬರ್ತಾನ?"

ಓಬಳೆಪ್ಪ ನೀರು ನೋಡಿದ. "ನಾಳಿಗೆ."

"ಈ ಸಲ ಯಾರ ಬಲಿ ಇಳಸ್ತೀ?"

ಅವನು ರೊಟ್ಟಿಯ ಗಂಟನ್ನು ಅವಳ ಮಡಿಲಿಗೆ ಇಟ್ಟ. ಹೊಳಿಯಮ್ಮ ಗಂಟನ್ನು ಅವನ ಕೈಗೇ ವಾಪಸು ಕೊಟ್ಟು, ಮಡುವಿಗೆ ಇಳಿಯುವ ಒಂದೇ ದಾರಿಗೆ ಅಡ್ಡವಾಗಿ ಕಂಬಳಿ ಹಾಸಿದಳು. ಮಳೆಗೆ ಇನ್ನೂ ಐವತ್ತು ದಿನವಿತ್ತು.